ಪಿಕಪ್ ವಾಹನದ ಸೈಲೆನ್ಸರ್: ಬದಲಾಯಿಸಿದ ಬಿಲ್ಲು, ತೆಗೆಸಿದ ಬಿಲ್ಲು

ಬರಗೂರಿನಲ್ಲಿ ಕಡಲೆಕಾಯಿ ವ್ಯಾಪಾರ ನಡೆಸುವ ನನ್ನ ಕಕ್ಷಿದಾರರೊಬ್ಬರು ವರ್ಷಾಂತ್ಯದ ಲೆಕ್ಕಪತ್ರಗಳೊಂದಿಗೆ ಎರಡು ಗ್ಯಾರೇಜ್ ಬಿಲ್ಲುಗಳನ್ನು ತಂದಿದ್ದರು. ಮೊದಲನೆಯದು, ತುಕ್ಕು ಹಿಡಿದು ತೂತಾಗಿದ್ದ ಸೈಲೆನ್ಸರನ್ನು ಕಳಚಿ ಹೊಸದನ್ನು ಜೋಡಿಸಿದ್ದಕ್ಕೆ. ಎರಡನೆಯದು, ಅವರದೇ ಇನ್ನೊಂದು ಪಿಕಪ್ಪಿನ ಸೈಲೆನ್ಸರನ್ನು ತೆಗೆದುಹಾಕಿ ನೇರ ಪೈಪು ಬೆಸೆದದ್ದಕ್ಕೆ. ‘ಗಾಡಿಗೆ ಎಳೆತ ಬರುತ್ತದೆ, ಡೀಸೆಲ್ ಉಳಿಯುತ್ತದೆ’ ಎಂದು ಚಾಲಕನು ಹೇಳಿದ್ದನಂತೆ. ಎರಡೂ ಮೊತ್ತಗಳು ‘ವಾಹನ ದುರಸ್ತಿ’ ಖಾತೆಯಲ್ಲಿ ಖರ್ಚು ಬಿದ್ದಿದ್ದವು. ನಾನು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಆದಾಯಕ್ಕೆ ಮರಳಿ ಸೇರಿಸಿದೆ. ಹೆಚ್ಚಿನ ಮೊತ್ತವನ್ನು ಬಿಟ್ಟು ಅದರ ಕಾಲುಭಾಗವೂ ಇಲ್ಲದ ಬಿಲ್ಲನ್ನು ಹಿಡಿದದ್ದೇಕೆಂದು ಅವರು ಕೇಳಿದರು. ಪಿಕಪ್ ಇಟ್ಟುಕೊಂಡಿರುವ ಇತರ ಸದಸ್ಯರಿಗೂ ಉಪಯೋಗವಾದೀತೆಂದು ಆ ಉತ್ತರವನ್ನೇ ಇಲ್ಲಿ ವಿಸ್ತರಿಸಿದ್ದೇನೆ.

ಸೈಲೆನ್ಸರ್ ಎಂಬುದು ಒಳಗೆ ಕೋಣೆಗಳೂ ರಂಧ್ರಗಳುಳ್ಳ ಕೊಳವೆಗಳೂ ಇರುವ ಒಂದು ಡಬ್ಬಿ. ಎಂಜಿನ್ನಿನಿಂದ ಒತ್ತಡದಿಂದ ಹೊರಬೀಳುವ ಹೊಗೆ ಅಲ್ಲಿ ಹಿಗ್ಗಿ, ಶಬ್ದವು ಒಳಗೊಳಗೇ ಬಡಿದು ಕುಗ್ಗುತ್ತದೆ. ಇಂಧನ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಪಕ್ಕದ ಹಳ್ಳಿಗಳಿಗೆ ಮೂರು ನಾಲ್ಕು ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಡಬ್ಬಿ ಸಂಪೂರ್ಣ ಕಾಯುವುದಿಲ್ಲವಾದ್ದರಿಂದ ಆ ನೀರು ಒಳಗೇ ಉಳಿದು ತಗಡನ್ನು ತಿನ್ನುತ್ತದೆ. ಆದ್ದರಿಂದ ದೂರ ಓಡುವ ಗಾಡಿಗಿಂತ ಊರೊಳಗಿನ ಗಾಡಿಯ ಸೈಲೆನ್ಸರ್ ಬೇಗ ಹೋದರೆ ಆಶ್ಚರ್ಯಪಡಬೇಕಾಗಿಲ್ಲ. ಸೋರುವ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಚಾಲಕನ ಕ್ಯಾಬಿನ್ನಿಗೆ ನುಗ್ಗಿದರೆ ಪ್ರಾಣಾಪಾಯ. ಬದಲಾವಣೆಯನ್ನು ಮುಂದೂಡುವುದು ತರವಲ್ಲ.

ಈಗ ಲೆಕ್ಕದ ವಿಚಾರ. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮು ಯಂತ್ರೋಪಕರಣಗಳ ಚಾಲ್ತಿ ದುರಸ್ತಿಯ ವೆಚ್ಚವನ್ನು ಪೂರ್ಣವಾಗಿ ಕಳೆಯಲು ಅವಕಾಶವಿತ್ತಿತು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ದುರಸ್ತಿ, ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ಪಡೆಯುವುದು ದುರಸ್ತಿಯಲ್ಲ ಎಂಬ ಒರೆಗಲ್ಲನ್ನು ಮುಂಬಯಿ ಉಚ್ಚ ನ್ಯಾಯಾಲಯವು ನ್ಯೂ ಶೋರಕ್ ಮಿಲ್ಲಿನ ಪ್ರಕರಣದಲ್ಲಿ 1956ರಲ್ಲೇ ಹಾಕಿಕೊಟ್ಟಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು ನೂಲಿನ ಗಿರಣಿಯ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಯಂತ್ರವೆಂದೂ, ಅದನ್ನೇ ಬದಲಾಯಿಸಿದರೆ ದುರಸ್ತಿಯಾಗದೆಂದೂ ಹೇಳಿತು. ಸೈಲೆನ್ಸರ್ ಹಾಗಲ್ಲ. ಗಾಡಿಯಿಂದ ಬೇರ್ಪಡಿಸಿದರೆ ಅದು ಬರೀ ತಗಡು. ಆದ್ದರಿಂದ ಹಳೆಯದರ ಸ್ಥಾನದಲ್ಲಿ ಅಂತಹುದೇ ಹೊಸದನ್ನು ಹಾಕಿದ ವೆಚ್ಚವು ಆ ವರ್ಷದ ಖರ್ಚೇ ಹೊರತು ಬಂಡವಾಳವಲ್ಲ. ಕೆಲವು ಗುಮಾಸ್ತರು ಇದನ್ನು ವಾಹನದ ಬೆಲೆಗೆ ಸೇರಿಸಿ ವರ್ಷಕ್ಕೆ ಶೇ. 15ರಂತೆ ಸವಕಳಿ ಬರೆಯುತ್ತಾರೆ; ಅದು ಸ್ವಂತ ಕೈಯಾರೆ ಮಾಡಿಕೊಳ್ಳುವ ನಷ್ಟ.

ಎರಡನೆಯ ಬಿಲ್ಲಿನ ಕಥೆ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮದಂತೆ ಪ್ರತಿಯೊಂದು ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಓಡಿಸುವವನಷ್ಟೇ ಅಲ್ಲ, ಓಡಿಸಲು ಬಿಡುವವನೂ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಲ್ಲಿ ಹೊಣೆಗಾರ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ.ವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಅಪರಾಧವಾಗುವ ಅಥವಾ ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚವು ವ್ಯವಹಾರದ ಖರ್ಚಲ್ಲವೆಂದು 1961ರ ಕಾಯ್ದೆಯ 37(1)ನೆಯ ಕಲಮಿನ ವಿವರಣೆ ಸ್ಪಷ್ಟವಾಗಿ ಹೇಳಿತ್ತು. ಅಂದರೆ ಕಟ್ಟಿದ ದಂಡ ಮಾತ್ರವಲ್ಲ, ಪೈಪು ಬೆಸೆದ ಕೂಲಿಯೂ ಕಳೆಯಲು ಸಿಗದು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವಗಳು ಬದಲಾಗಿಲ್ಲ.

ಡೀಸೆಲ್ ಉಳಿತಾಯದ ಮಾತಿಗೆ ಬಂದರೆ, ಇಷ್ಟು ವರ್ಷಗಳಲ್ಲಿ ಯಾವ ಕಕ್ಷಿದಾರರ ಡೀಸೆಲ್ ಖಾತೆಯಲ್ಲೂ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಡೀಸೆಲ್ ಗಾಡಿಗಳಲ್ಲಂತೂ ಹೊಗೆ ಶುದ್ಧೀಕರಿಸುವ ಸಾಧನಗಳೂ ಸಂವೇದಕಗಳೂ ಇದೇ ಕೊಳವೆಯ ಸಾಲಿನಲ್ಲಿವೆ. ಅಲ್ಲಿ ಕೈಯಿಟ್ಟರೆ ಎಚ್ಚರಿಕೆಯ ದೀಪ ಹತ್ತುವುದು, ಎಂಜಿನ್ ಬಲ ಕುಂದುವುದು ಸಾಮಾನ್ಯ.

ಜಿ.ಎಸ್.ಟಿ. ಬಗ್ಗೆ ಒಂದು ಮಾತು. ವಾಹನ ಬಿಡಿಭಾಗಗಳ ಮೇಲಿನ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಕಾರಿನ ದುರಸ್ತಿಗೆ ತೆರಿಗೆ ಜಮೆ ಸಾಮಾನ್ಯವಾಗಿ ಇಲ್ಲ. ಆದರೆ ಸರಕು ಸಾಗಿಸುವ ಪಿಕಪ್ಪಿಗೆ ಆ ನಿರ್ಬಂಧವಿಲ್ಲ. ಬಿಲ್ಲಿನಲ್ಲಿ ನಿಮ್ಮ ನೋಂದಣಿ ಸಂಖ್ಯೆಯನ್ನೂ ಗಾಡಿಯ ಸಂಖ್ಯೆಯನ್ನೂ ಬರೆಸಿಕೊಳ್ಳಿರಿ. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೂ, ತೆರಿಗೆರಹಿತ ಸರಕನ್ನಷ್ಟೇ ಮಾರುವವರಿಗೂ ಈ ಜಮೆ ದೊರೆಯದು. ಬರಗೂರು, ಪಾವಗಡದ ಕಡೆಯವರು ಗಡಿಯಾಚೆ ಮಡಕಶಿರಾ, ಹಿಂದೂಪುರಗಳಲ್ಲಿ ಕೆಲಸ ಮಾಡಿಸುವುದುಂಟು. ಅಲ್ಲಿನ ಬಿಲ್ಲಿನಲ್ಲಿ ಕೇಂದ್ರ ಮತ್ತು ಆಂಧ್ರ ರಾಜ್ಯದ ತೆರಿಗೆಯೆಂದು ಎರಡು ಭಾಗ ಮಾಡಿ ಹಾಕಿದ್ದರೆ ಅದು ನಿಮ್ಮ ಕರ್ನಾಟಕದ ನೋಂದಣಿಗೆ ಜಮೆಯಾಗುವುದಿಲ್ಲ.

ನಗದಿನ ಮಿತಿಯನ್ನೂ ಗಮನಿಸಬೇಕು. ಉದಾಹರಣೆಗೆ ಸೈಲೆನ್ಸರ್ ಮತ್ತು ಕೂಲಿ ಸೇರಿ 9,000 ರೂ. ಎಂದಿಟ್ಟುಕೊಳ್ಳೋಣ. ತೆರಿಗೆ 1,620 ಸೇರಿದರೆ 10,620 ಆಯಿತು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚೇ ಅಮಾನ್ಯ. ಬ್ಯಾಂಕ್ ಅಥವಾ ಯು.ಪಿ.ಐ. ಮೂಲಕ ಪಾವತಿಸಿದರೆ ಈ ತೊಡಕಿಲ್ಲ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವವರಿಗೆ ದುರಸ್ತಿಯನ್ನು ಪ್ರತ್ಯೇಕವಾಗಿ ಕಳೆಯುವ ಪ್ರಶ್ನೆಯೇ ಬಾರದು.

ನನ್ನ ಕಕ್ಷಿದಾರರ ಎರಡನೆಯ ಗಾಡಿಗೆ ಎಂಟು ವರ್ಷ ತುಂಬಿತ್ತು, ಅಂದರೆ ಅರ್ಹತಾ ಪತ್ರವನ್ನು ಪ್ರತಿವರ್ಷವೂ ನವೀಕರಿಸಬೇಕಿತ್ತು. ಆ ತಪಾಸಣೆಗೆ ಒಯ್ಯುವ ಮುನ್ನ ಅವರು ಪೈಪನ್ನು ಕತ್ತರಿಸಿ ಸೈಲೆನ್ಸರ್ ಹಾಕಿಸಿದರು. ಆ ಮೂರನೆಯ ಬಿಲ್ಲನ್ನು ದುರಸ್ತಿ ಖಾತೆಗೇ ಹಾಕಿದ್ದೇನೆ.