ಗೂಡೂ ಕೆರೆಯೂ ನೆರೆಯವನೂ
(ಭಾನುವಾರದ ಶಾಲೆಯ ಉಪಾಧ್ಯಾಯರಿಗೆ ಒಂದು ಪಾಠ)

ಓದತಕ್ಕ ಭಾಗಗಳು: ಆದಿಕಾಂಡ 2:15; ವಿಮೋಚನಕಾಂಡ 23:4-11; ಯಾಜಕಕಾಂಡ 19:9-18; ಧರ್ಮೋಪದೇಶಕಾಂಡ 22:6-7; ಕೀರ್ತನೆ 104; ಲೂಕ 10:25-37.

ನಮ್ಮ ಹಳ್ಳಿಗಳ ಸಭೆಗಳಲ್ಲಿ ಭಾನುವಾರದ ಬೆಳಿಗ್ಗೆ ಮಕ್ಕಳು ಕೈ ಕಟ್ಟಿಕೊಂಡು ನಿಂತು, ದೇವರು ಆಕಾಶದ ಹಕ್ಕಿಗಳನ್ನು ಸಾಕುತ್ತಾನೆಂಬ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವದನ್ನು ನಾವು ಕೇಳಿ ಸಂತೋಷಪಡುತ್ತೇವೆ. ಆದರೆ ಸೋಮವಾರ ಅದೇ ಹುಡುಗನು ಕವಣೆ ಹಿಡಿದು ಬೇವಿನ ಮರದ ಕೆಳಗೆ ನಿಂತಿರುತ್ತಾನೆ. ತಪ್ಪು ಯಾರದು? ಹುಡುಗನದೊಂದೇ ಅಲ್ಲ. ನಾವು ಅವನ ಬಾಯಿಗೆ ಕಲಿಸಿದೆವು, ಕೈಗೆ ಕಲಿಸಲಿಲ್ಲ. ಆದಕಾರಣ ಈ ತಿಂಗಳ ಪಾಠವು ಕೈಗೆ ಕಲಿಸುವ ಪಾಠವಾಗಿರಲಿ.

ಮೊದಲನೇದು: ಭೂಮಿಯು ಯಾರದು?

ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಎರಡು ಕೆಲಸಗಳಿಗಾಗಿ ಎಂದು ಆದಿಕಾಂಡವು ತಿಳಿಸುತ್ತದೆ. ಒಂದು ಅದನ್ನು ವ್ಯವಸಾಯ ಮಾಡುವದು, ಇನ್ನೊಂದು ಅದನ್ನು ಕಾಯುವದು. ಮೊದಲಿನ ಕೆಲಸವನ್ನು ನಾವು ಚೆನ್ನಾಗಿ ಬಲ್ಲೆವು, ಎರಡನೆಯದನ್ನು ಮರೆತಿದ್ದೇವೆ. ಮಕ್ಕಳಿಗೆ ಇದನ್ನು ಲಾವಣಿಯ ಹೊಲದ ದೃಷ್ಟಾಂತದಿಂದ ಹೇಳಬಹುದು. ಒಬ್ಬನು ಮತ್ತೊಬ್ಬನ ಹೊಲವನ್ನು ಲಾವಣಿಗೆ ಮಾಡಿದರೆ ಬದುವನ್ನು ಒಡೆಯುವದಿಲ್ಲ, ಬಾವಿಯನ್ನು ಮುಚ್ಚುವದಿಲ್ಲ. ಒಡೆಯನು ಬಂದು ಕೇಳುವನೆಂಬ ಎಚ್ಚರ ಅವನಿಗುಂಟು. ಹೀಗಿರಲಾಗಿ ಭೂಮಿಯೆಲ್ಲಾ ಕರ್ತನದೆಂದು ಹಾಡುವ ನಾವು ಎಷ್ಟು ಎಚ್ಚರವಾಗಿರತಕ್ಕದ್ದು!

ಎರಡನೇದು: ಗೂಡಿನ ಪಾಠ.

ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳ ಸಂಗಡ ತಾಯಿಯನ್ನೂ ಹಿಡಿಯಬಾರದೆಂದು ಮೋಶೆಯ ನ್ಯಾಯಪ್ರಮಾಣದಲ್ಲಿ ಅಪ್ಪಣೆಯುಂಟು. ತಾಯಿಯನ್ನೂ ಹಿಡಿದವನು ನಾಳಿನ ಗೂಡನ್ನೇ ಇಲ್ಲದಂತೆ ಮಾಡುತ್ತಾನೆ. ಇಷ್ಟು ಚಿಕ್ಕ ಸಂಗತಿಯನ್ನು ದೇವರು ತನ್ನ ಆಜ್ಞೆಗಳ ನಡುವೆ ಇಟ್ಟದ್ದರಿಂದ, ಅದು ಆತನ ಕಣ್ಣಿಗೆ ಚಿಕ್ಕದಲ್ಲವೆಂದು ತಿಳಿಯಬೇಕು.

ಈ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯಲ್ಲಿ, ನೀರೊಳಗೆ ನಿಂತ ಕರಿಜಾಲಿಯ ಮರಗಳ ಮೇಲೆ, ಬಣ್ಣದ ಕೊಕ್ಕರೆಗಳೂ ಕರಿತಲೆಯ ಕೆಂಬರಲುಗಳೂ ಇನ್ನನೇಕ ನೀರುಹಕ್ಕಿಗಳೂ ಗೂಡು ಕಟ್ಟುತ್ತವೆ. ಹೊಲಗಳಿಗೆ ನೀರು ಹಾಯಿಸುವದಕ್ಕೆ ಹಿಂದಿನವರು ಕಟ್ಟಿದ ಕೆರೆಯಿದು. ಸುಮಾರು 98 ಹೆಕ್ಟೇರಿನ ಈ ಜಾಗವನ್ನು ಸರಕಾರವು 2017ರಲ್ಲಿ ಪಕ್ಷಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 1971ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ಅನೇಕ ದೇಶಗಳು ಜೌಗುನೆಲಗಳ ರಕ್ಷಣೆಗಾಗಿ ಒಂದು ಒಡಂಬಡಿಕೆ ಮಾಡಿಕೊಂಡಿದ್ದವು. ಆ ಒಡಂಬಡಿಕೆಯ ಪಟ್ಟಿಯಲ್ಲಿ 2024ರಲ್ಲಿ ಅಂಕಸಮುದ್ರದ ಹೆಸರೂ ಸೇರಿತು. ರೈತರು ತಮ್ಮ ಜೋಳಕ್ಕಾಗಿ ಕಟ್ಟಿಕೊಂಡ ಕೆರೆಯು ಪರದೇಶಗಳವರೂ ಬಲ್ಲ ಹಕ್ಕಿಗಳ ತವರಾಯಿತು.

ನೂರನಾಲ್ಕನೆಯ ಕೀರ್ತನೆಯಲ್ಲಿ ಮರಗಳ ಮೇಲೆ ಮನೆ ಮಾಡಿದ ಕೊಕ್ಕರೆಯ ಮಾತು ಬರುತ್ತದೆ. ಉಪಾಧ್ಯಾಯರು ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಏರಿಯ ಮೇಲೆ ದೂರದಲ್ಲಿ ಕೂಡ್ರಿಸಿ, ಆ ಕೀರ್ತನೆಯನ್ನು ಅಲ್ಲಿ ಓದಲಿ. ಉರಿಬಿಸಿಲಿನಲ್ಲಿ ಕೊಕ್ಕರೆಯು ರೆಕ್ಕೆಗಳನ್ನು ಹರಡಿ ಮರಿಗಳಿಗೆ ನೆರಳಾಗಿ ನಿಲ್ಲುವದನ್ನು ತೋರಿಸಲಿ. ಯಾರಾದರೂ ಕೂಗಿ ಕಲ್ಲೆಸೆದರೆ ತಾಯಿ ಹಾರಿಹೋಗುವದು. ನೆರಳಿಲ್ಲದ ಮರಿಯು ಬಿಸಿಲಿಗೆ ಬಾಡುವದು. ಕಲ್ಲು ಹಕ್ಕಿಗೆ ತಗಲದಿದ್ದರೂ ಕೊಲ್ಲಬಲ್ಲದೆಂಬದನ್ನು ಕಣ್ಣಾರೆ ತಿಳಿದ ಮಗುವು ಕವಣೆಯನ್ನು ತಾನೇ ಬಿಸಾಡುವದೆಂದು ನಮ್ಮ ನಂಬಿಕೆ.

ಮೂರನೇದು: ಕರಡಿಗೂ ಬಡವನಿಗೂ ಪಾಲು.

ಕೂಡ್ಲಿಗಿಯ ಸೀಮೆಯವರು ಕೇಳಬಹುದು: ಕೊಕ್ಕರೆಯು ಸಾಧುಪ್ರಾಣಿ, ನಮ್ಮ ಗುಡ್ಡದ ಕರಡಿಯ ಮಾತೇನು? ಅದಕ್ಕೆ ಅಂಜಬೇಕೆಂಬದು ನಿಜ. ನಸುಕಿನಲ್ಲಿ ಒಬ್ಬೊಬ್ಬರೇ ಗುಡ್ಡದ ಕಡೆಗೆ ಹೋಗಬಾರದೆಂದು ಮಕ್ಕಳಿಗೆ ಹೇಳಲೇಬೇಕು. ಆದರೂ ಕರಡಿಯ ಮುಖ್ಯ ಆಹಾರವು ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣುಗಳೇ. ಗುಡ್ಡಕ್ಕೆ ಬೆಂಕಿ ಹಚ್ಚಿ ಹಣ್ಣಿನ ಗಿಡಗಳನ್ನು ಸುಟ್ಟರೆ ಅದು ಹಸಿದು ಹೊಲಕ್ಕೆ ಇಳಿಯುವದು. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮವಾದದ್ದು ಅವುಗಳಿಗೆ ಅವುಗಳ ಪಾಲನ್ನು ಬಿಡುವದಕ್ಕಾಗಿಯೇ.

ವಿಮೋಚನಕಾಂಡದಲ್ಲಿ ಏಳನೆಯ ವರುಷದ ಭೂಮಿಯ ಕುರಿತಾದ ಅಪ್ಪಣೆಯನ್ನು ಮನಸ್ಸಿಟ್ಟು ಓದಿರಿ. ಆ ವರುಷ ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಲಿ ಎಂಬದು ಅದರ ತಾತ್ಪರ್ಯ. ಒಂದೇ ಅಪ್ಪಣೆಯಲ್ಲಿ ಬಡವನೂ ಮೃಗವೂ ಕೂಡಿ ಬಂದಿವೆ. ಯಾಕಂದರೆ ಎಲ್ಲವೂ ತನಗೇ ಬೇಕೆನ್ನುವ ಆಸೆಯು ಮೊದಲು ಹಕ್ಕಿಯ ಪಾಲನ್ನು ಕಸಿಯುವದು, ಆ ಮೇಲೆ ನೆರೆಯವನ ಪಾಲನ್ನು.

ನಾಲ್ಕನೇದು: ನೆರೆಯವನು ಯಾರು?

ಈ ಪ್ರಶ್ನೆಗೆ ಕರ್ತನು ಸಮಾರ್ಯದವನ ಕಥೆಯಿಂದ ಉತ್ತರಕೊಟ್ಟನು. ನಮ್ಮವರಿಗೆ ಈ ಕಥೆಯ ಅರ್ಥವು ಬೇಗನೆ ತಿಳಿಯತಕ್ಕದ್ದು. ನಮ್ಮ ಹಿರಿಯರಲ್ಲಿ ಅನೇಕರು ಊರ ಬಾವಿಯ ಬಳಿ ದೂರ ನಿಂತು, ಯಾರಾದರೂ ಕೊಡಕ್ಕೆ ನೀರು ಹೊಯ್ಯಲಿ ಎಂದು ಕಾದವರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಬಾವಿ ಕೆರೆಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದಿತು. ಕಾಗದದಲ್ಲಿ ಬರೆದದ್ದು ಹೃದಯದಲ್ಲಿ ಬರೆಯಲ್ಪಡುವದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ನಾವು ಇತರರನ್ನು ದೂರುವದಕ್ಕೆ ಮುಂಚೆ ನಮ್ಮನ್ನೇ ಕೇಳಿಕೊಳ್ಳೋಣ: ಹಿಂದೆ ಬೇರೆ ಬೇರೆ ಕೇರಿಗಳಿಂದ ಬಂದ ನಾವು ಸಭೆಯೊಳಗೆ ಒಂದೇ ಚಾಪೆಯ ಮೇಲೆ ಕೂಡ್ರುತ್ತೇವೋ? ಮದುವೆಯ ಊಟದಲ್ಲಿ? ನಮ್ಮ ಮಕ್ಕಳು ಇದನ್ನು ನೋಡುತ್ತಾರೆ. ಪ್ರಸಂಗವನ್ನು ಮರೆತರೂ ಚಾಪೆಯನ್ನು ಮರೆಯುವದಿಲ್ಲ.

ಮಳೆ ತಪ್ಪಿದ ವರುಷ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕಡೆಗಳಿಂದ ಎಷ್ಟೋ ಮನೆಯವರು ದುಡಿಯುವದಕ್ಕೆ ಪರಸ್ಥಳಗಳಿಗೆ ಹೋಗುತ್ತಾರೆ. ಅಜ್ಜಿಯೂ ಮೊಮ್ಮಗುವೂ ಮನೆಯಲ್ಲಿ ಉಳಿಯುತ್ತಾರೆ. ದಾರಿಯ ಬದಿಯಲ್ಲಿ ಬಿದ್ದವನನ್ನು ಹುಡುಕಿಕೊಂಡು ಯೆರಿಕೋವಿನ ತನಕ ಹೋಗಬೇಕಾಗಿಲ್ಲ. ಆತನು ಪಕ್ಕದ ಮನೆಯಲ್ಲಿದ್ದಾನೆ. ಆ ಅಜ್ಜಿಗೆ ಒಂದು ಕೊಡ ನೀರು ತಂದುಕೊಡುವ ಹುಡುಗನು ಲೂಕನ ಹತ್ತನೆಯ ಅಧ್ಯಾಯವನ್ನು ಒಪ್ಪಿಸಿದವನೇ ಸರಿ, ಆ ಮನೆಯವರು ಯಾವ ಮತದವರಾದರೂ.

ಐದನೇದು: ಕೈಗೆ ಕೆಲಸ.

ಉಪಾಧ್ಯಾಯರು ಇವುಗಳನ್ನು ಮೊದಲು ತಾವೇ ಮಾಡಿ ಮಕ್ಕಳಿಂದ ಮಾಡಿಸಲಿ.

1. ಬೇಸಿಗೆಯಲ್ಲಿ ದೇವಾಲಯದ ಅಂಗಳದ ಮರದಡಿ ಹಕ್ಕಿಗಳಿಗೆ ಮಣ್ಣಿನ ಪಾತ್ರೆಯಲ್ಲಿ ನೀರಿಡುವದು. ದಿನಕ್ಕೊಬ್ಬ ಮಗುವಿನ ಸರದಿ.

2. ಮೃಗಶಿರಾ ಮಳೆ ಬಿದ್ದಾಗ ಒಂದೊಂದು ಮಗುವು ಒಂದು ಬೇವನ್ನಾಗಲಿ ಹೊಂಗೆಯನ್ನಾಗಲಿ ನೆಡುವದು. ನೆಡುವದು ಒಂದು ದಿನದ ಕೆಲಸ, ನೀರು ಹೊಯ್ಯುವದು ಎರಡು ಬೇಸಿಗೆಗಳ ಕೆಲಸ. ಹುಲಿಕಲ್ಲಿನ ಕೂಲಿಯ ಹೆಣ್ಣುಮಗಳು ತಿಮ್ಮಕ್ಕನವರು ಗಂಡನೊಂದಿಗೆ ದೂರದಿಂದ ಕೊಡಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ಆಲದ ಮರಗಳನ್ನು ಬೆಳೆಸಿದರು. ಗುರುತು ಪರಿಚಯವಿಲ್ಲದ ದಾರಿಗರು ಆ ನೆರಳನ್ನು ಉಂಡರು. ಮರವನ್ನು ಸಾಕುವದೂ ನೆರೆಯವನನ್ನು ಪ್ರೀತಿಸುವದೂ ಅಲ್ಲಿ ಒಂದೇ ಕೆಲಸವಾಯಿತು.

3. ಕೆರೆ ಹಳ್ಳಗಳಿಗೆ ಪ್ಲಾಸ್ಟಿಕ್ ಚೀಲಗಳನ್ನು ಎಸೆಯದಿರುವದು. ದನವು ಅದನ್ನು ತಿಂದು ಸಾಯುವದುಂಟು.

4. ಸುಗ್ಗಿಯಲ್ಲಿ ಎರಡು ಹಿಡಿ ಜೋಳ ತರುವದು. ಒಂದು ಹಕ್ಕಿಗೆ, ಒಂದು ವಿಧವೆಯ ಮನೆಗೆ.

ಮಕ್ಕಳಿಗೆ ಪ್ರಶ್ನೆಗಳು

ದೇವರು ಮನುಷ್ಯನನ್ನು ತೋಟದಲ್ಲಿ ಯಾವ ಎರಡು ಕೆಲಸಗಳಿಗಾಗಿ ಇಟ್ಟನು? ತಾಯಿಹಕ್ಕಿಯನ್ನು ಯಾಕೆ ಬಿಡಬೇಕು? ಏಳನೆಯ ವರುಷದ ಬೆಳೆಯಲ್ಲಿ ಯಾರಾರಿಗೆ ಪಾಲುಂಟು? ಈ ವಾರ ನಿನ್ನ ನೆರೆಯವನು ಯಾರು, ಅವನಿಗೆ ನೀನು ಏನು ಮಾಡಿದಿ?

ಕೊನೆಯ ಪ್ರಶ್ನೆಯನ್ನು ಮುಂದಿನ ಭಾನುವಾರ ಪುನಃ ಕೇಳಿರಿ. ಉಪಾಧ್ಯಾಯರೂ ಮಕ್ಕಳ ಮುಂದೆ ಅದಕ್ಕೆ ಉತ್ತರ ಕೊಡಲಿ.