ವಾರ್ಡಿನಲ್ಲಿರುವ ಮಾಜಿ ಸೈನಿಕರ ಭೇಟಿ

ಕಾಯಿಲೆ ಬಿದ್ದ ಮಾಜಿ ಸೈನಿಕರನ್ನು ಕಂಡು ಕೃತಜ್ಞತೆ ಹೇಳಬೇಕೆನ್ನುವವರಿಗೆ ಮೊದಲು ನೆನಪಾಗುವುದು ಸೇನಾ ಆಸ್ಪತ್ರೆಗಳು. ಬೆಂಗಳೂರಿನಲ್ಲಾದರೆ ವಾಯುಪಡೆಯ ಕಮಾಂಡ್ ಆಸ್ಪತ್ರೆ. ಅಲ್ಲಿಗೆ ಮೊದಲೇ ಅನುಮತಿ ಪಡೆದು ಹೋಗಬೇಕು. ಆದರೆ 2003ರ ಏಪ್ರಿಲ್‌ನಲ್ಲಿ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಶುರುವಾದ ಮೇಲೆ ಬಹಳ ಮಂದಿ ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಂಡು ಖಾಸಗಿ ಆಸ್ಪತ್ರೆಗಳಲ್ಲೇ ದಾಖಲಾಗುತ್ತಾರೆ. ಅವರು ಸೈನ್ಯದಲ್ಲಿದ್ದವರೆಂಬುದು ಎಷ್ಟೋ ಸಲ ಪಕ್ಕದ ಹಾಸಿಗೆಯವರಿಗೂ ತಿಳಿದಿರುವುದಿಲ್ಲ. ಭೇಟಿಯ ಅಗತ್ಯ ಹೆಚ್ಚಾಗಿರುವುದು ಇಂಥವರಿಗೇ.

ಧನ್ಯವಾದ ಎಂದ ಕೂಡಲೇ ಹಲವರು ಮುಜುಗರಪಡುತ್ತಾರೆ. "ನಾನೇನೂ ಯುದ್ಧ ಮಾಡಿಲ್ಲ ಸರ್, ಎಎಸ್‌ಸಿಯಲ್ಲಿ ಡ್ರೈವರ್ ಆಗಿದ್ದೆ" ಎಂಬಂಥ ಉತ್ತರ ಬರುತ್ತದೆ (ಎಎಸ್‌ಸಿ ಎಂದರೆ ಸೇನೆಯ ಸರಬರಾಜು ವಿಭಾಗ). ಇದನ್ನು ವಿನಯವೆಂದು ಬಗೆದು ಮುಂದೆ ಸಾಗಿಬಿಡುವುದು ಸರಿಯಲ್ಲ. 1984ರಿಂದ ಸಿಯಾಚಿನ್‌ನಲ್ಲಿ ಸೇನೆ ನಿಂತಿರುವುದಕ್ಕೆ ಸೀಮೆಎಣ್ಣೆ, ಪಡಿತರ ಸಾಗಿಸುವವರ ದುಡಿಮೆಯೂ ಕಾರಣ. ಅದನ್ನು ಅರಿತು ಆಡಿದ ಮಾತು ಮನಸ್ಸಿಗೆ ಮುಟ್ಟುತ್ತದೆ. ಸಿಪಾಯಿಗಳಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ, ಆಮೇಲೆ ಬ್ಯಾಂಕಿನ ಕಾವಲನ್ನೋ ಹೊಲವನ್ನೋ ನಂಬಿ ಬದುಕಿದವರು. ಹಾಸಿಗೆ ಹಿಡಿಯುವ ಹೊತ್ತಿಗೆ ಸಮವಸ್ತ್ರ ಕಳಚಿ ದಶಕಗಳೇ ಕಳೆದಿರುತ್ತವೆ.

ಮಾತಿಗೆ ಒಳ್ಳೆಯ ಆರಂಭ "ಯಾವ ರೆಜಿಮೆಂಟ್?" ಎಂಬ ಪ್ರಶ್ನೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯೋ, ಬೆಂಗಳೂರಿನ ಎಂಇಜಿಯೋ (ಮದ್ರಾಸ್ ಎಂಜಿನಿಯರ್ ಗ್ರೂಪ್), ಹೆಸರು ಹೇಳುವಾಗಲೇ ದನಿ ಏರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಯಾವುದೆಂದು ನೆನಪಿಲ್ಲದವರೂ ತಮ್ಮ ಆರ್ಮಿ ನಂಬರನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಸುಬೇದಾರರಾಗಿ ನಿವೃತ್ತರಾದವರನ್ನು 'ಸಾಬ್' ಎಂದು ಕರೆದರೆ ಮುಖ ಅರಳುತ್ತದೆ. ಎಷ್ಟು ಶತ್ರುಗಳನ್ನು ಕೊಂದಿರಿ, ಗಾಯ ಹೇಗಾಯಿತು ಎಂದು ಕೆದಕುವುದು ಮಾತ್ರ ಕ್ರೌರ್ಯ. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಬೇಕು.

ಬೆನ್ನುಹುರಿಗೆ ಪೆಟ್ಟಾದವರ ವಿಷಯ ಬೇರೆ. ಪುಣೆಯ ಖಡ್ಕಿಯಲ್ಲಿ 1974ರಲ್ಲಿ ತೆರೆದ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರದಲ್ಲಿ ಇಂಥ ಸೈನಿಕರು ವರ್ಷಗಟ್ಟಲೆ ಇರುತ್ತಾರೆ. ಅದು ಅವರ ಮನೆ. ಮನೆಗೆ ಹೋದವರು ಕೇಳಿಯೇ ಒಳಗೆ ಬರುವಂತೆ ಇಲ್ಲಿಯೂ ನಡೆದುಕೊಳ್ಳಬೇಕು. ನಿಂತು ಮಾತಾಡಿದರೆ ಗಾಲಿಕುರ್ಚಿಯಲ್ಲಿರುವವರು ಕತ್ತೆತ್ತಿಕೊಂಡೇ ಇರಬೇಕಾಗುತ್ತದೆ, ಆದ್ದರಿಂದ ಕುರ್ಚಿ ಎಳೆದುಕೊಂಡು ಕೂರುವುದು ಲೇಸು. ಇವರೆಲ್ಲ ಗುಂಡು ತಗುಲಿದವರೇ ಎಂದುಕೊಳ್ಳುವುದೂ ತಪ್ಪು: ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರೂ ಇದ್ದಾರೆ, ಅವರಿಗೆ ಸಲ್ಲಬೇಕಾದ ಗೌರವ ಒಂದಿಷ್ಟೂ ಕಡಿಮೆಯಲ್ಲ.

ಸಿಹಿ, ಹಣ್ಣು ಒಯ್ಯುವ ಮುನ್ನ ಸಿಸ್ಟರ್‌ಗಳನ್ನು ಕೇಳಬೇಕು. ಕೇಳದೆ ಫೋಟೊ ತೆಗೆಯಬಾರದು.

ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನವಾದ ಜನವರಿ 14 ಈಗ ಮಾಜಿ ಸೈನಿಕರ ದಿನ. ಅಂದು ಮತ್ತು ಗಣರಾಜ್ಯೋತ್ಸವದಂದು ಹಾರ ಹಿಡಿದವರು ಬರುತ್ತಾರೆ. ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಹೋಗುವುದು ಹೆಚ್ಚು ಉಪಯುಕ್ತ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ರಾತ್ರಿ ಕಳೆದ ಹೆಂಡತಿಗೂ ಕೃತಜ್ಞತೆ ಸಲ್ಲಬೇಕು. ಅವರು ಊಟ ಮುಗಿಸಿ ಬರುವ ತನಕ ರೋಗಿಯ ಬಳಿ ಕುಳಿತಿರಬಹುದು, ರೆಫರಲ್‌ನ ಅವಧಿ ಮುಗಿಯುತ್ತಿದ್ದರೆ ಪಾಲಿಕ್ಲಿನಿಕ್‌ಗೆ ಓಡಾಡಿ ಕಾಗದಪತ್ರ ಸರಿಪಡಿಸಲು ನೆರವಾಗಬಹುದು.