ನೀರು ಹೊರುವ ಟ್ಯಾಂಕರಿನ ಕೊಳಾಯಿ

ಕುಷ್ಟಗಿ ತಾಲ್ಲೂಕಿನಲ್ಲಿ ಮಳೆ ಕಡಮೆ. ಬರಗಾಲ ಬಂದಿತೆಂದರೆ ತಾವರಗೇರಾದಂತಹ ಊರುಗಳಲ್ಲಿ ಟ್ರ್ಯಾಕ್ಟರು ಎಳೆದು ತರುವ ಟ್ಯಾಂಕರಿನ ನೀರಿಗೆ ಜನ ಕಾಯಬೇಕಾಗುವುದು. ಹೊರನೋಟಕ್ಕೆ ಅದು ಗಾಲಿಯ ಮೇಲೆ ಮಲಗಿಸಿದ ಉಕ್ಕಿನ ಪೀಪಾಯಿ, ಅಷ್ಟೆ. ಆದರೆ ಅದರ ಕೊಳಾಯಿಯನ್ನು ದುರಸ್ತಿ ಮಾಡಹೊರಟರೆ ಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡೂ ಎದುರಿಗೆ ಬಂದು ನಿಲ್ಲುವುವು.

ಮೊದಲು ಸೋರಿಕೆಯನ್ನು ನೋಡೋಣ. ಗೇಟ್ ವಾಲ್ವಿನಲ್ಲಿ ನೀರನ್ನು ತಡೆಯುವುದು ಮೇಲಿನಿಂದ ಇಳಿಯುವ ಒಂದು ಬಿಲ್ಲೆ. ಕೊಳವೆಬಾವಿಯ ನೀರಿನೊಡನೆ ಬಂದ ಮರಳು ಅದರ ತಳದಲ್ಲಿ ಕುಳಿತರೆ ಬಿಲ್ಲೆ ಪೂರ್ತಿಯಾಗಿ ಇಳಿಯದು. ಸೆಕೆಂಡಿಗೊಂದು ಹನಿ ಬಿದ್ದರೂ, 20 ಹನಿಗೆ ಒಂದು ಮಿಲಿಲೀಟರಿನಂತೆ, ದಿನಕ್ಕೆ 4 ಲೀಟರಿಗೂ ಮಿಕ್ಕಿ ನೀರು ಮಣ್ಣುಪಾಲಾಗುವುದು. ಇದರ ಬದಲು, ರಂಧ್ರವುಳ್ಳ ಗುಂಡೊಂದು ಕಾಲು ಸುತ್ತು ತಿರುಗಿ ಮುಚ್ಚಿಕೊಳ್ಳುವ ಬಾಲ್ ವಾಲ್ವನ್ನು ಹಾಕಿಸುವುದು ಮೇಲು.

ಕೊಳಾಯಿಯನ್ನು ಬದಲಿಸುವಾಗ ಅದರ ವ್ಯಾಸವನ್ನೂ ಹೆಚ್ಚಿಸಬಾರದೇಕೆ? 1644ರಲ್ಲಿ ಟಾರಿಚೆಲ್ಲಿ ಪ್ರಕಟಿಸಿದ ನಿಯಮದಂತೆ, ನೀರು ಹೊರಬೀಳುವ ವೇಗವು ರಂಧ್ರದ ಗಾತ್ರವನ್ನಲ್ಲ, ಮೇಲಿರುವ ನೀರಿನ ಆಳವನ್ನು ಅವಲಂಬಿಸಿದೆ. ಒಂದು ಮೀಟರು ಆಳಕ್ಕೆ ಅದು ಸೆಕೆಂಡಿಗೆ ಸುಮಾರು 4.4 ಮೀಟರು. ಆದುದರಿಂದ ಒಂದು ಅಂಗುಲದ ಕೊಳವೆಯನ್ನು ಎರಡು ಅಂಗುಲಕ್ಕೆ ಏರಿಸಿದರೆ ರಂಧ್ರದ ಕ್ಷೇತ್ರಫಲ ನಾಲ್ಮಡಿಯಾಗಿ, ಟ್ಯಾಂಕರು ಬರಿದಾಗುವ ಕಾಲ ಹೆಚ್ಚುಕಡಮೆ ಕಾಲುಭಾಗಕ್ಕೆ ಇಳಿಯುವುದು.

ಆದರೆ ಹೊರಹೋದ ನೀರಿನ ಸ್ಥಳಕ್ಕೆ ಗಾಳಿ ಬರಲೇಬೇಕು. ಮೇಲಿನ ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಒತ್ತಡ ಕುಗ್ಗುತ್ತ ಹೋಗುವುದು. ಹೊರಗಿನ ವಾಯುಭಾರವಾದರೋ ಚದರ ಮೀಟರಿಗೆ ಸುಮಾರು 10 ಟನ್ನು. ಒಳಗೆ ಅದರ ಹತ್ತನೆಯ ಒಂದು ಪಾಲು ಕಡಮೆಯಾದರೂ ತೆಳು ತಗಡಿನ ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ನಿನ ಹೊರೆ ಬಿದ್ದಂತಾಯಿತು. ಪಂಪು ಹಚ್ಚಿ ನೀರೆಳೆದರೆ ಟ್ಯಾಂಕು ನಜ್ಜುಗುಜ್ಜಾದೀತು. ಅದಕ್ಕಾಗಿ ಮೇಲ್ಗಡೆ ಗಾಳಿಯ ಕೊಳವೆಯೊಂದು ಬೇಕು. ಅದರ ಬಾಯನ್ನು ಕೆಳಕ್ಕೆ ಬಾಗಿಸಿ ಜಾಲರಿ ಕಟ್ಟಿದರೆ ಧೂಳು, ಹುಳುಗಳು ಒಳಹೋಗವು.

ಹೊಸ ಕೊಳವೆಯನ್ನು ಬೆಸೆಯಲು ಕೆಲವೊಮ್ಮೆ ಟ್ಯಾಂಕಿನೊಳಕ್ಕೆ ಇಳಿಯಬೇಕಾಗುವುದು. ಇಲ್ಲಿಯೇ ಪ್ರಾಣಾಪಾಯ. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ಆಮ್ಲಜನಕದೊಡನೆ ಕೂಡುವುದು. ಬಹುದಿನ ಮುಚ್ಚಿಟ್ಟ ತೇವದ ಟ್ಯಾಂಕಿನಲ್ಲಿ ಗೋಡೆಗಳೇ ಆ ಅನಿಲವನ್ನು ತಿಂದುಹಾಕಿರುತ್ತವೆ. ಗಾಳಿಯಲ್ಲಿ ಶೇಕಡ 21ರಷ್ಟಿರಬೇಕಾದ ಆಮ್ಲಜನಕವು 10ಕ್ಕಿಂತ ಕೆಳಗಿಳಿದರೆ ಮನುಷ್ಯನು ಬೇಗನೆ ಪ್ರಜ್ಞೆ ತಪ್ಪುವನು, ವಾಸನೆಯಿಲ್ಲ, ಮುನ್ಸೂಚನೆಯಿಲ್ಲ. ಆದಕಾರಣ ಬಾಯಿಗಳನ್ನೆಲ್ಲ ತೆರೆದು, ಫ್ಯಾನಿನಿಂದ ಹೊಸ ಗಾಳಿಯನ್ನು ಬಹಳ ಹೊತ್ತು ಊದಿ, ಕೆಲಸ ಮುಗಿಯುವವರೆಗೂ ಅದನ್ನು ನಿಲ್ಲಿಸದೆ ಇರತಕ್ಕದ್ದು. ಇಳಿಯುವವನ ಮೈಗೆ ಹಗ್ಗ ಕಟ್ಟಿರಬೇಕು, ಹೊರಗೊಬ್ಬನು ಕಾದಿರಬೇಕು. ಒಳಗಿನವನು ಕುಸಿದರೆ ಕಾವಲಿನವನು ತಾನೂ ಇಳಿಯದೆ, ಹಗ್ಗದಿಂದಲೇ ಅವನನ್ನು ಮೇಲಕ್ಕೆಳೆಯಬೇಕು.